ಚಾಂದ್ ಬೀಬಿ: ಎರಡು ಸಿಂಹಾಸನಗಳ ರಾಜಪ್ರತಿನಿಧಿ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಹಾಗೂ ಮೊದಲು ಗೋಕಾಕ ತಾಲೂಕಿಗೆ ಸೇರಿದ್ದು ನಂತರ ಪ್ರತ್ಯೇಕ ತಾಲೂಕಾಗಿ ರಚನೆಗೊಂಡ ಮೂಡಲಗಿ, ಈ ಮೂರೂ ಘಟಪ್ರಭಾ ನದಿಯ ಜಲಾನಯನ ಪ್ರದೇಶದಲ್ಲಿವೆ. ಹದಿನಾರನೆಯ ಶತಮಾನದಲ್ಲಿ ಈ ಪ್ರದೇಶವು ವಿಜಾಪುರದ ಆದಿಲ್‌ಶಾಹಿ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಹುಕ್ಕೇರಿ ಪಟ್ಟಣದಲ್ಲಿ ಇಂದಿಗೂ ಕಾಣಸಿಗುವ ಗುಮ್ಮಟಗಳು ಆ ಕಾಲದವು. ಇಲ್ಲಿಯ ಜಹಗೀರುಗಳ ನೇಮಕಾತಿ, ಕಂದಾಯದ ವಸೂಲಿ, ಕೋಟೆಗಳ ಕಾವಲು ಇವೆಲ್ಲಕ್ಕೂ ವಿಜಾಪುರದ ಸುಲ್ತಾನನ ಮೊಹರು ಇರುವ ಫರ್ಮಾನು ಆಧಾರವಾಗಿತ್ತು.

1580ರಲ್ಲಿ ಆ ಮೊಹರಿನ ಒಡೆಯನಾದ ಸುಲ್ತಾನನು ಒಂಬತ್ತು ವರ್ಷದ ಬಾಲಕನಾಗಿದ್ದನು. ಬಾಲಕನ ಹೆಸರಿನಲ್ಲಿ ಹೊರಡುವ ಆಜ್ಞೆಯನ್ನು ಯಾರು ಬರೆಸಬೇಕು, ಮೊಹರನ್ನು ಯಾರ ವಶದಲ್ಲಿ ಇಡಬೇಕು, ಅವನು ಪ್ರಾಯಕ್ಕೆ ಬಂದಾಗ ಅಧಿಕಾರವನ್ನು ಅವನಿಗೆ ಹಿಂದಿರುಗಿಸುವರೆಂಬ ಭರವಸೆ ಏನು ಎಂಬ ಪ್ರಶ್ನೆಗಳು ಆಗ ಉದ್ಭವಿಸಿದವು. ಈ ಪ್ರಶ್ನೆಗಳ ನಡುವೆ ಜೀವನದ ಬಹುಭಾಗವನ್ನು ಕಳೆದು, ಕೊನೆಗೆ ಅವುಗಳಿಗಾಗಿಯೇ ಪ್ರಾಣ ತೆತ್ತ ರಾಣಿ ಚಾಂದ್ ಬೀಬಿ. ಆಕೆಯ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿವಾಹ

ಚಾಂದ್ ಬೀಬಿ ಸುಮಾರು 1550ರಲ್ಲಿ ಅಹಮದ್‌ನಗರದ ನಿಜಾಮ್‌ಶಾಹಿ ಮನೆತನದಲ್ಲಿ ಜನಿಸಿದಳು. ತಂದೆ ಒಂದನೆಯ ಹುಸೇನ್ ನಿಜಾಮ್ ಶಾಹ, ತಾಯಿ ಖುಂಜಾ ಹುಮಾಯೂನ್. ದಖ್ಖನಿನ ಸುಲ್ತಾನರು ಪರಸ್ಪರ ಕಲಹಗಳನ್ನು ಬದಿಗಿಟ್ಟು ವಿಜಯನಗರದ ವಿರುದ್ಧ ಒಂದಾಗುವ ಸಂದರ್ಭದಲ್ಲಿ ಆಕೆಯ ವಿವಾಹವು ವಿಜಾಪುರದ ಒಂದನೆಯ ಅಲಿ ಆದಿಲ್ ಶಾಹನೊಡನೆ ನೆರವೇರಿತು. ಎರಡೂ ಮನೆತನಗಳು ಬಹುಕಾಲದಿಂದ ಕಾದಾಡುತ್ತಿದ್ದ ಸೊಲ್ಲಾಪುರದ ಕೋಟೆಯು ಈ ವಿವಾಹದ ಬಳುವಳಿಯಾಗಿ ವಿಜಾಪುರಕ್ಕೆ ದೊರೆಯಿತು. ಅಲಿ ಆದಿಲ್ ಶಾಹನ ಸಹೋದರಿಯನ್ನು ಚಾಂದ್ ಬೀಬಿಯ ಸಹೋದರ ಮುರ್ತಜಾನಿಗೆ ಕೊಡಲಾಯಿತು. ಹೀಗೆ ಬೆಸೆದ ಮೈತ್ರಿಯ ಫಲವಾಗಿ 1565ರ ಜನವರಿ 23ರಂದು ರಕ್ಕಸ-ತಂಗಡಗಿ ಯುದ್ಧವು ನಡೆದು ವಿಜಯನಗರವು ಪತನಗೊಂಡಿತು.

ರಾಜಕೀಯ ಕಾರಣಕ್ಕಾಗಿ ನಡೆದ ವಿವಾಹವಾದರೂ ಅದು ಸಾಮರಸ್ಯದಿಂದ ಕೂಡಿತ್ತೆಂದು ಚರಿತ್ರೆಕಾರರು ಅಭಿಪ್ರಾಯಪಟ್ಟಿದ್ದಾರೆ. ಬೇಟೆಗೂ ದಂಡಯಾತ್ರೆಗೂ ಅಲಿ ಆದಿಲ್ ಶಾಹನು ಪತ್ನಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದನು. ಆಕೆ ಕುದುರೆ ಸವಾರಿಯಲ್ಲಿಯೂ ಡೇಗೆಯ ಬೇಟೆಯಲ್ಲಿಯೂ ನಿಪುಣಳಾಗಿದ್ದಳು. ಅರಬ್ಬಿ, ಪಾರಸಿ, ತುರ್ಕಿ ಭಾಷೆಗಳ ಜೊತೆಗೆ ಕನ್ನಡ ಮತ್ತು ಮರಾಠಿಯನ್ನೂ ಬಲ್ಲವಳಾಗಿದ್ದಳೆಂದು ಹೇಳಲಾಗಿದೆ. ದಂಪತಿಗಳಿಗೆ ಮಕ್ಕಳಾಗಲಿಲ್ಲ. ಮುಂದಿನ ಘಟನೆಗಳಿಗೆಲ್ಲ ಇದೇ ಮೂಲವಾಯಿತು.

ರಾಜಪ್ರತಿನಿಧಿ ಎಂಬ ಹುದ್ದೆ

ಅರಸನು ಅಪ್ರಾಪ್ತವಯಸ್ಕನಾಗಿದ್ದಾಗ, ರೋಗಪೀಡಿತನಾಗಿದ್ದಾಗ ಅಥವಾ ದೇಶದಿಂದ ದೂರವಿದ್ದಾಗ ಅವನ ಹೆಸರಿನಲ್ಲಿ ರಾಜ್ಯಭಾರ ನಡೆಸುವವರನ್ನು ರಾಜಪ್ರತಿನಿಧಿ ಅಥವಾ ರೀಜೆಂಟ್ ಎಂದು ಕರೆಯಲಾಗುತ್ತದೆ. ಅರಸೊತ್ತಿಗೆ ಇದ್ದ ಕಡೆಯಲ್ಲೆಲ್ಲ ಈ ವ್ಯವಸ್ಥೆ ಇತ್ತು. ಚಾಂದ್ ಬೀಬಿಯ ಬಾಲ್ಯಕಾಲದಲ್ಲಿಯೇ ಫ್ರಾನ್ಸಿನಲ್ಲಿ ಕ್ಯಾಥರೀನ್ ದ ಮೆದಿಚಿ ತನ್ನ ಹತ್ತು ವರ್ಷದ ಮಗ ಒಂಬತ್ತನೆಯ ಚಾರ್ಲ್ಸ್‌ನ ಪರವಾಗಿ ಆಳುತ್ತಿದ್ದಳು. ರಾಜಪ್ರತಿನಿಧಿಗೆ ಅರಸನ ಅಧಿಕಾರವೆಲ್ಲ ಇರುತ್ತದೆ, ಆದರೆ ಅದು ತನ್ನದಲ್ಲ. ಅದನ್ನು ಕಾಯ್ದುಕೊಂಡು ಒಂದು ದಿನ ಒಪ್ಪಿಸಬೇಕು. ಒಪ್ಪಿಸಲು ಮನಸ್ಸಿಲ್ಲದವರು ಆ ಹುದ್ದೆಗೆ ಬಂದಾಗ ರಾಜ್ಯಕ್ಕೆ ಒದಗುವ ಅಪಾಯವನ್ನು ವಿಜಾಪುರವು ಅದಾಗಲೇ ಕಂಡಿತ್ತು. 1510ರಲ್ಲಿ ಯೂಸುಫ್ ಆದಿಲ್ ಶಾಹನು ತೀರಿಕೊಂಡಾಗ ಬಾಲಕ ಇಸ್ಮಾಯಿಲನ ರಾಜಪ್ರತಿನಿಧಿಯಾದ ಕಮಾಲ್ ಖಾನನು ಸಿಂಹಾಸನವನ್ನೇ ಕಬಳಿಸಲು ಹೊಂಚು ಹಾಕಿದನು. ರಾಜಮಾತೆಯು ಸಮಯಕ್ಕೆ ಎಚ್ಚೆತ್ತು ಅವನನ್ನು ಕೊಲ್ಲಿಸಿದ್ದರಿಂದ ಆದಿಲ್‌ಶಾಹಿ ವಂಶವು ಉಳಿಯಿತು.

ಚಾಂದ್ ಬೀಬಿಗೆ ತವರಿನಲ್ಲಿಯೂ ಇಂತಹ ಉದಾಹರಣೆ ಇತ್ತು. 1565ರಲ್ಲಿ ಹುಸೇನ್ ನಿಜಾಮ್ ಶಾಹನು ನಿಧನನಾದ ನಂತರ ಆಕೆಯ ತಾಯಿ ಖುಂಜಾ ಹುಮಾಯೂನ್ ಮಗ ಮುರ್ತಜಾನ ಪರವಾಗಿ ಕೆಲವು ವರ್ಷ ಅಹಮದ್‌ನಗರವನ್ನು ಆಳಿದಳು. ಬಂಧುಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟಳೆಂಬ ಅಸಮಾಧಾನ ಬೆಳೆದು, ಕೊನೆಗೆ ಮಗನೇ ತಾಯಿಯನ್ನು ಸೆರೆಯಲ್ಲಿಟ್ಟನು.

1580: ಬಾಲಕ ಸುಲ್ತಾನ

1580ರ ಏಪ್ರಿಲ್ ತಿಂಗಳಲ್ಲಿ ಅಲಿ ಆದಿಲ್ ಶಾಹನು ಅರಮನೆಯಲ್ಲಿಯೇ ಹತ್ಯೆಗೊಳಗಾದನು. ಅವನ ಸಹೋದರ ತಹಮಾಸ್ಪನ ಮಗ ಇಬ್ರಾಹಿಮನನ್ನು ಸಿಂಹಾಸನದ ಮೇಲೆ ಕೂರಿಸಲಾಯಿತು. ಮುಂದೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನೆಂದು, ಸಂಗೀತಪ್ರಿಯನಾದ ಜಗದ್ಗುರು ಬಾದಶಾಹನೆಂದು ಕನ್ನಡ ನಾಡಿನಲ್ಲಿ ಪ್ರಸಿದ್ಧನಾದವನು ಇವನೇ. ರಾಜ್ಯದ ಆಡಳಿತವನ್ನು ಕಾಮಿಲ್ ಖಾನನೆಂಬ ಸರದಾರನಿಗೆ, ಬಾಲಕನ ಪಾಲನೆ ಹಾಗೂ ಶಿಕ್ಷಣವನ್ನು ಚಾಂದ್ ಬೀಬಿಗೆ ವಹಿಸಲಾಯಿತು. ಬುಧವಾರ ಮತ್ತು ಶುಕ್ರವಾರಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಬಾಲಕನು ದರ್ಬಾರಿನಲ್ಲಿ ಕುಳಿತು ಪ್ರಜೆಗಳಿಗೆ ದರ್ಶನ ಕೊಡುವ ಏರ್ಪಾಡು ಮಾಡಲಾಗಿತ್ತು.

ಈ ಏರ್ಪಾಡು ಎರಡು ತಿಂಗಳು ಮಾತ್ರ ಸುಸೂತ್ರವಾಗಿ ನಡೆಯಿತು. ಕಾಮಿಲ್ ಖಾನನು ಅಧಿಕಾರದ ಮದದಿಂದ ರಾಣಿಗೆ ಸಲ್ಲಬೇಕಾದ ಗೌರವವನ್ನು ಕೊಡದೆ ಹೋದನು. ಚಾಂದ್ ಬೀಬಿಯ ಸ್ವಂತ ಸೈನ್ಯವೆಂಬುದು ಇರಲಿಲ್ಲ. ಆಕೆ ಹಾಜಿ ಕಿಶ್ವರ್ ಖಾನ್ ಎಂಬ ಇನ್ನೊಬ್ಬ ಸರದಾರನಿಗೆ ಹೇಳಿ ಕಳುಹಿಸಿದಳು. ಕಾಮಿಲ್ ಖಾನನು ಓಡಿಹೋಗುವ ಪ್ರಯತ್ನದಲ್ಲಿ ಸಿಕ್ಕಿಬಿದ್ದು ಹತನಾದನು. ಕಿಶ್ವರ್ ಖಾನನು ಅವನ ಸ್ಥಾನಕ್ಕೆ ಬಂದನು. ಒಬ್ಬನನ್ನು ಇಳಿಸಲು ಇನ್ನೊಬ್ಬನನ್ನು ಆಶ್ರಯಿಸಬೇಕಾದ ಈ ದೌರ್ಬಲ್ಯವು ಚಾಂದ್ ಬೀಬಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಕಿಶ್ವರ್ ಖಾನನ ಆಡಳಿತದ ಕಥೆಯು ಮೊಹರಿನ ದುರುಪಯೋಗದ ಕಥೆಯಾಗಿದೆ. ಬಾಲಕ ಸುಲ್ತಾನನ ರಾಜ್ಯದ ಮೇಲೆ ದಾಳಿ ಮಾಡಿದ ಅಹಮದ್‌ನಗರದ ಸೈನ್ಯವನ್ನು ವಿಜಾಪುರದ ಸರದಾರರು ಸೋಲಿಸಿ ಆನೆಗಳನ್ನು ವಶಪಡಿಸಿಕೊಂಡಿದ್ದರು. ಆ ಆನೆಗಳನ್ನೆಲ್ಲ ತನಗೆ ಒಪ್ಪಿಸಬೇಕೆಂದು ಕಿಶ್ವರ್ ಖಾನನು ಒತ್ತಾಯಿಸಿದಾಗ ಸರದಾರರು ಸಿಟ್ಟಾದರು. ಅವನ ಬದಲಿಗೆ ಬಂಕಾಪುರದ ಅಧಿಕಾರಿಯಾಗಿದ್ದ ಮುಸ್ತಫಾ ಖಾನನನ್ನು ರಾಜಪ್ರತಿನಿಧಿಯಾಗಿ ನೇಮಿಸಬೇಕೆಂಬ ಮಾತು ಹುಟ್ಟಿತು. ಈಗ ಹಾವೇರಿ ಜಿಲ್ಲೆಯಲ್ಲಿರುವ ಬಂಕಾಪುರವು ಆಗ ರಾಜ್ಯದ ದಕ್ಷಿಣದ ಮುಖ್ಯ ಠಾಣೆಯಾಗಿತ್ತು. ಮುಸ್ತಫಾ ಖಾನನು ವಯೋವೃದ್ಧನೂ ಸರ್ವಮಾನ್ಯನೂ ಆಗಿದ್ದನು. ಕಿಶ್ವರ್ ಖಾನನು ಸುಲ್ತಾನನ ಮೊಹರು ಒತ್ತಿದ ಸುಳ್ಳು ಆಜ್ಞೆಯನ್ನು ಬಂಕಾಪುರಕ್ಕೆ ಕಳುಹಿಸಿ ಅವನನ್ನು ಕೊಲ್ಲಿಸಿದನು. ಬಾಲಕನಿಗೆ ಅದರ ಅರಿವೇ ಇರಲಿಲ್ಲ.

ಚಾಂದ್ ಬೀಬಿ ಇದನ್ನು ಬಹಿರಂಗವಾಗಿ ಖಂಡಿಸಿದಳು. ಆಕೆಯೇ ತನ್ನ ತವರಿನವರನ್ನು ವಿಜಾಪುರದ ಮೇಲೆ ದಂಡೆತ್ತಿ ಬರಲು ಪ್ರಚೋದಿಸಿದಳೆಂದು ಆರೋಪ ಹೊರಿಸಿ ಕಿಶ್ವರ್ ಖಾನನು ಆಕೆಯನ್ನು ಸಾತಾರಾ ಕೋಟೆಯ ಸೆರೆಗೆ ಕಳುಹಿಸಿದನು. ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯವಾಗಿದ್ದ ರಾಣಿಯ ಮೇಲೆ ಇಂತಹ ಆರೋಪವನ್ನು ಹೊರಿಸುವುದು ಸುಲಭವಾಗಿತ್ತು. ಆದರೆ ವಿಜಾಪುರದ ಜನರು ಇದನ್ನು ಸಹಿಸಲಿಲ್ಲ. ಕಿಶ್ವರ್ ಖಾನನು ನಗರದ ಬೀದಿಗಳಲ್ಲಿ ಹೊರಟಾಗ ಸಾಮಾನ್ಯ ಜನರು, ಹೆಂಗಸರು ಸಹ, ಮುಸ್ತಫಾ ಖಾನನ ಕೊಲೆಗಾರನೆಂದು, ಚಾಂದ್ ಬೀಬಿಯನ್ನು ಸೆರೆಯಿಟ್ಟವನೆಂದು ಅವನನ್ನು ಹಳಿದರು. ಇಖ್ಲಾಸ್ ಖಾನ್ ಮುಂತಾದ ಹಬಸಿ ಸರದಾರರು ಸೈನ್ಯದೊಡನೆ ರಾಜಧಾನಿಯತ್ತ ಹೊರಟ ಸುದ್ದಿ ಬಂದೊಡನೆ ಅವನು ಓಡಿಹೋದನು. ಗೋಲ್ಕೊಂಡದಲ್ಲಿ ಮುಸ್ತಫಾ ಖಾನನ ಬಂಧುವೊಬ್ಬನು ಅವನನ್ನು ಇರಿದು ಕೊಂದನು. ಅವನ ಅಧಿಕಾರವು ಕೆಲವೇ ತಿಂಗಳು ನಡೆದಿತ್ತು.

ವಿಜಾಪುರದ ಮುತ್ತಿಗೆ

ಸೆರೆಯಿಂದ ಬಿಡುಗಡೆಯಾಗಿ ಬಂದ ಚಾಂದ್ ಬೀಬಿಯು ಮತ್ತೆ ಬಾಲಕನ ಪಾಲನೆಯನ್ನು ವಹಿಸಿಕೊಂಡಳು. ಆದರೆ ಸರದಾರರಲ್ಲಿ ದಖ್ಖನಿಗಳು, ಹಬಸಿಗಳು, ಇರಾನ್ ಕಡೆಯಿಂದ ಬಂದ ಪರದೇಶಿಗಳು ಎಂಬ ಪಕ್ಷಗಳು ಬಲವಾಗಿದ್ದು, ಒಬ್ಬರು ಅಧಿಕಾರಕ್ಕೆ ಬಂದರೆ ಇನ್ನೊಬ್ಬರು ತಮ್ಮ ಜಹಗೀರುಗಳಿಗೆ ಹೊರಟುಹೋಗುತ್ತಿದ್ದರು. ಐನ್-ಉಲ್-ಮುಲ್ಕ್ ಎಂಬ ಸರದಾರನು ರಾಜಧಾನಿಯ ಹೊರಗೆ ಬೀಡುಬಿಟ್ಟು, ತನ್ನನ್ನು ಎದುರುಗೊಳ್ಳಲು ಬಂದ ಹಬಸಿ ನಾಯಕರನ್ನೇ ಸೆರೆಹಿಡಿದನು. ಮರುದಿನ ಅರಮನೆಯ ಕಾವಲಿನವರು ಎದುರು ನಿಲ್ಲುವರೆಂದು ತಿಳಿದು ಸೆರೆಯಾಳುಗಳನ್ನು ಅಲ್ಲಿಯೇ ಬಿಟ್ಟು ಪಲಾಯನ ಮಾಡಿದನು. ಆ ದಿನಗಳ ಗೊಂದಲಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇದೇ ಸಮಯವನ್ನು ನೋಡಿ ಅಹಮದ್‌ನಗರ ಮತ್ತು ಗೋಲ್ಕೊಂಡದ ಸೈನ್ಯಗಳು ಕೂಡಿ ವಿಜಾಪುರವನ್ನು ಮುತ್ತಿದವು. ನಗರದೊಳಗೆ ಸೈನ್ಯವು ಅಲ್ಪವಾಗಿತ್ತು. ಮಳೆಗೆ ಕೋಟೆಗೋಡೆಯ ಒಂದು ಭಾಗ ಕುಸಿದಾಗ ಚಾಂದ್ ಬೀಬಿಯೇ ಮುಂದೆ ನಿಂತು ದುರಸ್ತಿ ಮಾಡಿಸಿದಳೆಂದು ಹೇಳಲಾಗಿದೆ. ಆದರೆ ಗೋಡೆಯ ದುರಸ್ತಿಗಿಂತ ದೊಡ್ಡ ಕೆಲಸವೆಂದರೆ ಪಕ್ಷಗಳ ನಡುವಣ ಬಿರುಕನ್ನು ಮುಚ್ಚಿದ್ದು. ಹಬಸಿ ನಾಯಕರು ತಮ್ಮ ಕೈಕೆಳಗೆ ಉಳಿದ ಸರದಾರರು ದುಡಿಯಲಾರರೆಂದು ಮನಗಂಡು ಅಧಿಕಾರವನ್ನು ರಾಣಿಗೆ ಒಪ್ಪಿಸಿದರು. ಆಕೆ ಎಲ್ಲರಿಗೂ ಒಪ್ಪಿಗೆಯಾದ ಶಾಹ ಅಬುಲ್ ಹಸನನನ್ನು ಆಡಳಿತಕ್ಕೆ ನೇಮಿಸಿದಳು. ದೂರ ಹೋಗಿದ್ದ ಸರದಾರರು ಮರಳಿ ಬಂದರು. ಕರ್ನಾಟಕ ಸೀಮೆಯಿಂದ ಕರೆಸಿದ ಬರ್ಗಿ ಸವಾರರು ವೈರಿಗಳ ಧಾನ್ಯ, ಮೇವಿನ ದಾರಿಯನ್ನು ಕಡಿದುಹಾಕಿದರು. ಸುಮಾರು ಒಂದು ವರ್ಷದ ನಂತರ ಮುತ್ತಿಗೆ ತೆರವಾಯಿತು.

ಗೆಲುವಿನ ಫಲವು ಚಾಂದ್ ಬೀಬಿಗೆ ದೊರೆಯಲಿಲ್ಲ. 1582ರ ಸುಮಾರಿಗೆ ದಿಲಾವರ್ ಖಾನನೆಂಬ ಹಬಸಿ ಸರದಾರನು ತನ್ನ ಜೊತೆಗಾರ ಇಖ್ಲಾಸ್ ಖಾನನ ಕಣ್ಣು ಕೀಳಿಸಿ, ಅಬುಲ್ ಹಸನನನ್ನೂ ಕೊಲ್ಲಿಸಿ ಅಧಿಕಾರವನ್ನು ಕೈವಶ ಮಾಡಿಕೊಂಡನು. ಅವನು ದಕ್ಷ ಆಡಳಿತಗಾರನಾಗಿದ್ದನೆಂಬುದನ್ನು ಒಪ್ಪಬೇಕು. ಸುಮಾರು ಎಂಟು ವರ್ಷಗಳ ಕಾಲ ರಾಜ್ಯದಲ್ಲಿ ಒಂದು ಬಗೆಯ ಸ್ಥಿರತೆ ಇತ್ತು. ಆದರೆ ಸುಲ್ತಾನನು ಪ್ರಾಯಕ್ಕೆ ಬಂದ ನಂತರವೂ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. 1590ರಲ್ಲಿ ಇಬ್ರಾಹಿಮನು ಅವನ ಹಿಡಿತದಿಂದ ತಪ್ಪಿಸಿಕೊಂಡು ಸ್ವತಂತ್ರನಾದನು. ಓಡಿಹೋದ ದಿಲಾವರ್ ಖಾನನನ್ನು ಮುಂದೆ ಹಿಂದಕ್ಕೆ ಕರೆಸಿ, ಕಣ್ಣು ಕೀಳಿಸಿ ಸಾತಾರಾ ಕೋಟೆಯಲ್ಲಿ ಇಡಲಾಯಿತು. ಚಾಂದ್ ಬೀಬಿಯನ್ನು ಒಮ್ಮೆ ಸೆರೆಯಿಟ್ಟಿದ್ದ ಕೋಟೆಯೇ ಅದು. ಹತ್ತು ವರ್ಷಗಳಲ್ಲಿ ಬಾಲಕನ ಹೆಸರಿನಲ್ಲಿ ಆಳಿದ ನಾಲ್ವರು ಸರದಾರರಲ್ಲಿ ಇಬ್ಬರು ಹತರಾದರು, ಇಬ್ಬರು ಕುರುಡರಾದರು. ಬಾಲಕನಿಗೆ ಓದು ಬರಹ ಕಲಿಸಿ, ಜೀವ ಉಳಿಸಿ ಬೆಳೆಸಿದವಳು ಚಾಂದ್ ಬೀಬಿ. 1584ರಲ್ಲಿ ಇಬ್ರಾಹಿಮನ ಸಹೋದರಿ ಖದೀಜಾಳ ವಿವಾಹವು ಅಹಮದ್‌ನಗರದ ರಾಜಕುಮಾರನೊಡನೆ ನಡೆದಾಗ ಆಕೆ ಮದುಮಗಳ ಜೊತೆಗೆ ತವರಿಗೆ ತೆರಳಿದಳು.

ಬೆಳಗಾವಿ ಕೋಟೆ ಮತ್ತು ಹುಕ್ಕೇರಿಯ ಜಹಗೀರುದಾರ

ಇಬ್ರಾಹಿಮನಿಗೆ ಇಸ್ಮಾಯಿಲ್ ಎಂಬ ತಮ್ಮನಿದ್ದನು. ಬಾಲಕನೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿದಾಗ ಅವನ ಸಹೋದರರನ್ನು ಯಾವ ಪಕ್ಷದವರ ಕೈಗೂ ಸಿಗದಂತೆ ಕೋಟೆಯಲ್ಲಿಡುವುದು ಆ ಕಾಲದ ಪದ್ಧತಿಯಾಗಿತ್ತು. ಇಸ್ಮಾಯಿಲನು ಬೆಳಗಾವಿಯ ಕೋಟೆಯಲ್ಲಿದ್ದನು. 1593-94ರಲ್ಲಿ ಅವನು ಕೋಟೆಯವರನ್ನು ತನ್ನ ಕಡೆಗೆ ಮಾಡಿಕೊಂಡು ಬಂಡೆದ್ದನು. ಸುಲ್ತಾನನ ಸೈನ್ಯವು ಬೆಳಗಾವಿಯನ್ನು ಮುತ್ತಿತು.

ಆಗ ಹುಕ್ಕೇರಿಯ ಜಹಗೀರು ಐನ್-ಉಲ್-ಮುಲ್ಕ್ ಎಂಬ ಪ್ರಬಲ ಸರದಾರನ ವಶದಲ್ಲಿತ್ತು. ಇದು ಬಿರುದಾಗಿದ್ದು, ಆದಿಲ್‌ಶಾಹಿ ಚರಿತ್ರೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸಂದಿದೆ ಎಂಬುದನ್ನು ಓದುಗರು ಗಮನಿಸಬೇಕು. ಹುಕ್ಕೇರಿಯ ಈ ಸರದಾರನು ಮೇಲ್ನೋಟಕ್ಕೆ ಸುಲ್ತಾನನ ಸೈನ್ಯದ ಜೊತೆಗಿದ್ದರೂ ಒಳಗಿಂದೊಳಗೆ ಕೋಟೆಯಲ್ಲಿದ್ದವರಿಗೆ ಸಾಮಗ್ರಿ ಒದಗಿಸುತ್ತಿದ್ದನು. ಸುಲ್ತಾನನು ಅವನನ್ನು ರಾಜಧಾನಿಗೆ ಕರೆಸಿ ಆದರದಿಂದ ಕಂಡು ಹಿಂದಕ್ಕೆ ಕಳುಹಿಸಿದರೂ ಅವನ ಮನಸ್ಸು ಬದಲಾಗಲಿಲ್ಲ. ಕೊನೆಗೆ ಅವನು ಬಹಿರಂಗವಾಗಿಯೇ ಇಸ್ಮಾಯಿಲನ ಪಕ್ಷ ವಹಿಸಿದನು. ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನು ಬಂಡಾಯಗಾರರಿಗೆ ನೆರವಿನ ಭರವಸೆ ನೀಡಿದನು. ನೆರವು ಬರುವ ಮೊದಲೇ ಹಮೀದ್ ಖಾನನ ನೇತೃತ್ವದ ವಿಜಾಪುರದ ಸೈನ್ಯವು ಐನ್-ಉಲ್-ಮುಲ್ಕನನ್ನು ಕೊಂದು ಇಸ್ಮಾಯಿಲನನ್ನು ಸೆರೆಹಿಡಿಯಿತು. ರಾಜಕುಮಾರನೂ ಉಳಿಯಲಿಲ್ಲ.

ಹುಕ್ಕೇರಿ ಮತ್ತು ಬೆಳಗಾವಿಯ ಈ ಬಂಡಾಯವನ್ನು ಸ್ಥಳೀಯ ಚರಿತ್ರೆಯ ಒಂದು ಸಣ್ಣ ಘಟನೆಯೆಂದು ಭಾವಿಸುವುದು ಸರಿಯಲ್ಲ. ಬುರ್ಹಾನನು ಬಂಡಾಯಕ್ಕೆ ಬೆಂಬಲ ಕೊಟ್ಟಿದ್ದರಿಂದ ಎರಡು ರಾಜ್ಯಗಳ ನಡುವೆ ವೈರ ಬೆಳೆಯಿತು. 1595ರಲ್ಲಿ ಬುರ್ಹಾನನು ನಿಧನನಾದನು. ಅವನ ಮಗ ಇಬ್ರಾಹಿಂ ನಿಜಾಮ್ ಶಾಹನು ನಾಲ್ಕೇ ತಿಂಗಳು ಆಳಿ ವಿಜಾಪುರದ ಸೈನ್ಯದೊಡನೆ ಕಾದಾಡುತ್ತ ಮಡಿದನು. ಅಹಮದ್‌ನಗರದ ಸಿಂಹಾಸನವು ಬರಿದಾಯಿತು. ಸತ್ತ ಅರಸನಿಗೆ ಬಹಾದೂರ್ ಎಂಬ ಹಸುಗೂಸು ಇತ್ತು. ಚಾಂದ್ ಬೀಬಿಯು ಎರಡನೆಯ ಬಾರಿ ರಾಜಪ್ರತಿನಿಧಿಯಾಗುವ ಸಂದರ್ಭವು ಹೀಗೆ ಒದಗಿಬಂತು.

ಅಹಮದ್‌ನಗರದ ರಕ್ಷಣೆ

ಅಹಮದ್‌ನಗರದಲ್ಲಿ ಆಗ ನಾಲ್ಕು ಪಕ್ಷಗಳು ನಾಲ್ಕು ಅರಸರನ್ನು ಮುಂದಿಟ್ಟವು. ಮಿಯಾನ್ ಮಂಜೂ ಎಂಬ ಸರದಾರನು ಅಹಮದ್ ಎಂಬಾತನನ್ನು ರಾಜವಂಶದವನೆಂದು ಹೇಳಿ ಸಿಂಹಾಸನದ ಮೇಲೆ ಕೂರಿಸಿದನು. ಆತನು ಆ ವಂಶದವನಲ್ಲವೆಂಬುದು ಬೇಗನೆ ಬಯಲಾಯಿತು. ಹಬಸಿ ಸರದಾರರ ಎರಡು ಗುಂಪುಗಳು ತಮಗೆ ಬೇಕಾದವರನ್ನು ಸಾರಿದವು. ಚಾಂದ್ ಬೀಬಿಯು ಸತ್ತ ಅರಸನ ಮಗನಾದ ಬಹಾದೂರನೇ ನ್ಯಾಯವಾದ ವಾರಸುದಾರನೆಂದು ನಿಂತಳು. ಆ ಮಗುವನ್ನು ಎದುರಾಳಿಗಳು ಚಾವಂಡ ಕೋಟೆಯಲ್ಲಿ ಬಂಧಿಸಿಟ್ಟಿದ್ದರು. ಪಕ್ಷಬಲ ಸಾಲದೆ ಹೋದಾಗ ಮಿಯಾನ್ ಮಂಜೂ ಮಾಡಿದ ಕೆಲಸವು ದಖ್ಖನಿನ ಚರಿತ್ರೆಯನ್ನೇ ಬದಲಿಸಿತು. ಗುಜರಾತಿನಲ್ಲಿದ್ದ ಅಕ್ಬರನ ಮಗ ಮುರಾದನನ್ನು ಅವನು ನೆರವಿಗೆ ಕರೆದನು. ನಂತರ ಪಶ್ಚಾತ್ತಾಪಪಟ್ಟು ಕೋಟೆಯನ್ನು ಅನ್ಸಾರ್ ಖಾನನ ವಶಕ್ಕೆ ಬಿಟ್ಟು ಹೊರಟನು. ಅಷ್ಟರಲ್ಲಿ ಮೊಗಲರು ಹೊರಟಾಗಿತ್ತು.

ಚಾಂದ್ ಬೀಬಿಯು ವಿಳಂಬ ಮಾಡದೆ ಅನ್ಸಾರ್ ಖಾನನನ್ನು ಕೊಲ್ಲಿಸಿ ಕೋಟೆಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಬುರುಜಿನ ಮೇಲೆ ಬಹಾದೂರ್ ನಿಜಾಮ್ ಶಾಹನ ಹೆಸರಿನಲ್ಲಿ ಘೋಷಣೆ ಮಾಡಿಸಿದಳು. ಈ ಕೊಲೆಯನ್ನು ಆಕೆಯ ಪ್ರಶಂಸಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆದರೆ ಆಕೆ ಬದುಕಿದ ಕಾಲ ಮತ್ತು ಆಕೆಯ ಸ್ವಭಾವ ಎರಡನ್ನೂ ತಿಳಿಯಲು ಇದು ಅವಶ್ಯಕ. ವಿಜಾಪುರಕ್ಕೂ ಗೋಲ್ಕೊಂಡಕ್ಕೂ ಆಕೆ ನೆರವು ಕೋರಿ ದೂತರನ್ನು ಕಳುಹಿಸಿದಳು. ತಾನು ಸಾಕಿದ ಹುಡುಗ ಇಬ್ರಾಹಿಂ ಆದಿಲ್ ಶಾಹನು ಆ ಕರೆಗೆ ಓಗೊಟ್ಟು ಸುಹೇಲ್ ಖಾನನ ನೇತೃತ್ವದಲ್ಲಿ ಸೈನ್ಯ ಕಳುಹಿಸಿದನು.

1595ರ ಡಿಸೆಂಬರಿನಲ್ಲಿ ರಾಜಕುಮಾರ ಮುರಾದ್ ಮತ್ತು ಖಾನ್-ಇ-ಖಾನಾನ್ ಅಬ್ದುರ್ ರಹೀಮನ ಸೈನ್ಯಗಳು ಅಹಮದ್‌ನಗರವನ್ನು ಮುತ್ತಿದವು. ಮೊಗಲರು ಕೋಟೆಗೋಡೆಯ ಬುಡಕ್ಕೆ ಐದು ಸುರಂಗಗಳನ್ನು ತೋಡಿ ಮದ್ದು ತುಂಬಿದರು. ಮೊಗಲರ ಪಾಳೆಯದಲ್ಲಿದ್ದ ಒಬ್ಬ ಶಿರಾಜಿನವನು ರಾತ್ರಿಯಲ್ಲಿ ಕೋಟೆಗೆ ಬಂದು ಸುರಂಗಗಳಿದ್ದ ಸ್ಥಳವನ್ನು ತಿಳಿಸಿದನು. ಒಳಗಿನವರು ಎದುರು ಸುರಂಗ ತೋಡಿ ಎರಡರಿಂದ ಮದ್ದನ್ನು ತೆಗೆದುಹಾಕಿದರು. ಮೂರನೆಯದನ್ನು ತೆರವುಗೊಳಿಸುತ್ತಿರುವಾಗಲೇ, 1596ರ ಫೆಬ್ರವರಿಯಲ್ಲಿ, ಮೊಗಲರು ಅದಕ್ಕೆ ಬೆಂಕಿ ಕೊಟ್ಟರು. ಕೆಲಸದಲ್ಲಿದ್ದವರು ಸತ್ತರು. ಸುಮಾರು ಐವತ್ತು ಗಜದಷ್ಟು ಗೋಡೆಯು ಹಾರಿಹೋಯಿತು.

ಕೋಟೆಯೊಳಗಿನ ಸರದಾರರು ಓಡಲು ಅನುವಾದರು. ಆಗ ಚಾಂದ್ ಬೀಬಿಯು ಕವಚ ತೊಟ್ಟು, ಮುಖಕ್ಕೆ ಪರದೆ ಹಾಕಿಕೊಂಡು, ಕೈಯಲ್ಲಿ ಬಿಚ್ಚುಗತ್ತಿ ಹಿಡಿದು ಗೋಡೆ ಬಿದ್ದ ಸ್ಥಳದಲ್ಲಿ ಬಂದು ನಿಂತಳು. ಅದನ್ನು ಕಂಡು ಓಡುತ್ತಿದ್ದವರು ನಾಚಿ ಮರಳಿದರು. ಮೊಗಲರು ಉಳಿದ ಸುರಂಗಗಳೂ ಸಿಡಿಯಲೆಂದು ಕಾಯುತ್ತ ದಾಳಿಗೆ ತಡಮಾಡಿದರು. ಆ ಅವಧಿಯಲ್ಲಿ ಫಿರಂಗಿಗಳನ್ನು ಬಿರುಕಿನ ಬಾಯಿಗೆ ತಂದು ನಿಲ್ಲಿಸಲಾಯಿತು. ಸಂಜೆಯವರೆಗೂ ನಡೆದ ದಾಳಿಯಲ್ಲಿ ಮೊಗಲರಿಗೆ ಒಳನುಗ್ಗಲು ಸಾಧ್ಯವಾಗಲಿಲ್ಲ. ರಾತ್ರಿಯಿಡೀ ಆಕೆ ನಿಂತು ಗೋಡೆಯನ್ನು ಮತ್ತೆ ಎಬ್ಬಿಸಿದಳು. ಗುಂಡುಗಳು ಮುಗಿದಾಗ ತಾಮ್ರದ, ನಂತರ ಬೆಳ್ಳಿ ಬಂಗಾರದ ನಾಣ್ಯಗಳನ್ನೇ ತೋಪಿಗೆ ತುಂಬಿ ಹಾರಿಸಿದಳೆಂಬ ಐತಿಹ್ಯವೂ ಜನರಲ್ಲಿ ಪ್ರಚಲಿತವಾಗಿದೆ. ಗೋಡೆಯ ಪ್ರಸಂಗವನ್ನು ಮಾತ್ರ ಐತಿಹ್ಯವೆಂದು ತಳ್ಳಿಹಾಕಲು ಬರುವಂತಿಲ್ಲ. ಅಹಮದ್‌ನಗರದಲ್ಲಿ ಸೇವೆ ಸಲ್ಲಿಸಿ 1589ರಲ್ಲಿ ವಿಜಾಪುರಕ್ಕೆ ಬಂದು ನೆಲೆಸಿದ ಚರಿತ್ರೆಕಾರ ಫೆರಿಸ್ತಾ ಈ ಕಾಲದ ಘಟನೆಗಳನ್ನು ಹತ್ತಿರದಿಂದ ಬಲ್ಲವನಾಗಿದ್ದು, ಅವನ ಗ್ರಂಥದಲ್ಲಿ ಇದರ ವಿವರವಿದೆ.

ವಿಜಾಪುರದ ಸೈನ್ಯವು ಸಮೀಪಿಸುತ್ತಿರುವ ಸುದ್ದಿ, ಪಾಳೆಯದಲ್ಲಿ ಧಾನ್ಯದ ಅಭಾವ, ಮೊಗಲ ಸೇನಾಪತಿಗಳ ಪರಸ್ಪರ ಅಸೂಯೆ ಇವೆಲ್ಲ ಸೇರಿ 1596ರ ಮಾರ್ಚಿನಲ್ಲಿ ಒಪ್ಪಂದವಾಯಿತು. ಬೇರಾರ ಪ್ರಾಂತವನ್ನು ಮೊಗಲರಿಗೆ ಬಿಟ್ಟುಕೊಡಲಾಯಿತು. ಬಹಾದೂರನನ್ನು ಅಹಮದ್‌ನಗರದ ಅರಸನೆಂದು ಅವರು ಒಪ್ಪಿದರು. ಅಲ್ಲಿಯವರೆಗೆ ಚಾಂದ್ ಬೀಬಿ ಎನಿಸಿಕೊಂಡಿದ್ದವಳನ್ನು ಜನರು ಚಾಂದ್ ಸುಲ್ತಾನಾ ಎಂದು ಕರೆಯತೊಡಗಿದರು. ಆದರೂ ನಾಣ್ಯಕ್ಕೂ ಸಿಂಹಾಸನಕ್ಕೂ ಮಗುವೇ ಒಡೆಯನೆಂಬುದರಲ್ಲಿ ಆಕೆ ವ್ಯತ್ಯಾಸ ಮಾಡಲಿಲ್ಲ.

ಅಂತ್ಯ

ಮುಂದಿನ ನಾಲ್ಕು ವರ್ಷಗಳ ಘಟನೆಗಳು ವಿಜಾಪುರದ ಘಟನೆಗಳ ಪುನರಾವರ್ತನೆಯಂತೆ ತೋರುತ್ತವೆ. ಆಕೆ ಪೇಶ್ವೆಯಾಗಿ ನೇಮಿಸಿದ ಮಹಮ್ಮದ್ ಖಾನನು ಅಧಿಕಾರವನ್ನು ತನ್ನಲ್ಲಿಯೇ ಇಟ್ಟುಕೊಂಡನು. ಅವನನ್ನು ಇಳಿಸಲು ವಿಜಾಪುರದಿಂದ ಸುಹೇಲ್ ಖಾನನು ಬರಬೇಕಾಯಿತು. ಅವನ ಸ್ಥಾನಕ್ಕೆ ಬಂದ ಅಭಂಗ್ ಖಾನನೂ ಸ್ವಲ್ಪ ಕಾಲದಲ್ಲಿಯೇ ಆಕೆಯ ವಿರುದ್ಧ ತಿರುಗಿಬಿದ್ದನು. 1597ರಲ್ಲಿ ಗೋದಾವರಿಯ ದಡದ ಸೋನಪೇಟದ ಬಳಿ ದಖ್ಖನಿನ ರಾಜ್ಯಗಳ ಕೂಡುಸೈನ್ಯವು ಮೊಗಲರ ಎದುರು ಸೋತಿತು.

1600ರಲ್ಲಿ ಅಕ್ಬರನ ಇನ್ನೊಬ್ಬ ಮಗ ದಾನಿಯಾಲ್ ಮತ್ತೆ ಅಹಮದ್‌ನಗರವನ್ನು ಮುತ್ತಿದನು. ಈ ಬಾರಿ ಹೊರಗಿನಿಂದ ನೆರವು ಬರುವ ಸೂಚನೆ ಇರಲಿಲ್ಲ. ಒಳಗಿನ ಸರದಾರರಲ್ಲಿ ಒಮ್ಮತವೂ ಇರಲಿಲ್ಲ. ಕೋಟೆಯನ್ನು ಬಿಟ್ಟುಕೊಟ್ಟು, ಒಳಗಿರುವವರ ಪ್ರಾಣಕ್ಕೆ ಅಭಯ ಪಡೆದು, ಬಾಲಕನನ್ನು ಜುನ್ನರಿಗೆ ಕರೆದೊಯ್ಯುವುದೇ ಉಳಿದಿರುವ ದಾರಿಯೆಂದು ಚಾಂದ್ ಬೀಬಿ ನಿಶ್ಚಯಿಸಿದಳು. ಕೋಟೆ ಹೋದರೂ ಅರಸನು ಉಳಿದರೆ ರಾಜ್ಯ ಉಳಿಯುವುದೆಂಬುದು ಆಕೆಯ ಲೆಕ್ಕಾಚಾರವಾಗಿತ್ತು. ಈ ವಿಚಾರವನ್ನು ಆಕೆ ಜೀತಾ ಖಾನನೆಂಬ ಅಧಿಕಾರಿಗೆ ತಿಳಿಸಿದಳು. ಅವನು ಹೊರಗೆ ಓಡಿಬಂದು ರಾಣಿಯು ಕೋಟೆಯನ್ನು ಮೊಗಲರಿಗೆ ಮಾರಿದ್ದಾಳೆಂದು ಬೀದಿಯಲ್ಲಿ ಕೂಗಿದನು. ರೊಚ್ಚಿಗೆದ್ದ ಸೈನಿಕರು ಅಂತಃಪುರಕ್ಕೆ ನುಗ್ಗಿ ಆಕೆಯನ್ನು ಕೊಂದರು. ನಾಲ್ಕು ವರ್ಷಗಳ ಹಿಂದೆ ಬಿರುಕಿನಲ್ಲಿ ಆಕೆಯ ಜೊತೆಗೆ ನಿಂತಿದ್ದ ಕೋಟೆಯ ಸೈನ್ಯವೇ ಅದು. ಆಗ ಆಕೆಗೆ ಸುಮಾರು ಐವತ್ತು ವರ್ಷ ವಯಸ್ಸಾಗಿತ್ತು.

ಆಕೆಯ ಲೆಕ್ಕಾಚಾರ ಸರಿಯಾಗಿತ್ತೆಂಬುದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. 1600ರ ಆಗಸ್ಟಿನಲ್ಲಿ ಮೊಗಲರು ಸುರಂಗ ಸಿಡಿಸಿ ಕೋಟೆಯೊಳಗೆ ನುಗ್ಗಿದರು. ಯಾವ ಅಭಯವೂ ಇರಲಿಲ್ಲ. ಬಾಲಕ ಬಹಾದೂರನನ್ನು ಸೆರೆಹಿಡಿದು ಗ್ವಾಲಿಯರ್ ಕೋಟೆಗೆ ಕಳುಹಿಸಲಾಯಿತು. ಜುನ್ನರಿಗೆ ಹೋಗಿದ್ದರೆ ಅವನು ಅರಸನಾಗಿ ಉಳಿಯುತ್ತಿದ್ದನೇ ಎಂಬುದನ್ನು ಹೇಳಲಾಗದು. ಆದರೆ ಅದೇ ಉಪಾಯವನ್ನು ಅನುಸರಿಸಿ ಮಲಿಕ್ ಅಂಬರನು ರಾಜವಂಶದ ಇನ್ನೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿ, ರಾಜಧಾನಿಯಿಲ್ಲದೆಯೇ ನಿಜಾಮ್‌ಶಾಹಿಯನ್ನು ಕಟ್ಟಿ, 1626ರಲ್ಲಿ ತಾನು 'ಪೇಶ್ವೆ'ಯಾಗಿಯೇ ನಿಧನನಾಗುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದನು. ಚಾಂದ್ ಬೀಬಿಗೆ ಇಲ್ಲದಿದ್ದ ಸ್ವಂತ ಸೈನ್ಯವು ಅವನಿಗಿತ್ತು. ವ್ಯತ್ಯಾಸವು ಮುಖ್ಯವಾಗಿ ಅಲ್ಲಿಯೇ ಇದೆ.

ವಿಜಾಪುರದಲ್ಲಿ ಆಕೆ ಬೆಳೆಸಿದ ಇಬ್ರಾಹಿಂ ಆದಿಲ್ ಶಾಹನು 1627ರವರೆಗೆ ಆಳಿದನು. ಕನ್ನಡ ನಾಡಿನಲ್ಲಿ ರಾಜಪ್ರತಿನಿಧಿಯ ವ್ಯವಸ್ಥೆಯು ಆಮೇಲೆಯೂ ಮುಂದುವರಿಯಿತು. ಅದರ ಕೊನೆಯ ಪ್ರಮುಖ ಉದಾಹರಣೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರದು. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ನಿಧನರಾದಾಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹತ್ತು ವರ್ಷ. 1895ರಿಂದ ಮಹಾರಾಣಿಯವರು ಮಗನ ಪರವಾಗಿ ರಾಜ್ಯಭಾರ ನಡೆಸಿ 1902ರ ಆಗಸ್ಟ್ 8ರಂದು ಅಧಿಕಾರವನ್ನು ಅವರಿಗೆ ವಹಿಸಿಕೊಟ್ಟರು. ಅಲ್ಲಿ ದಿವಾನರು, ಕೌನ್ಸಿಲ್, ಲಿಖಿತ ನಿಯಮಗಳು ಇದ್ದವು. 1580ರ ವಿಜಾಪುರದಲ್ಲಿ ಇವು ಯಾವುವೂ ಇರಲಿಲ್ಲ.

ನೋಡಬಹುದಾದ ಸ್ಥಳಗಳು

ವಿಜಯಪುರ ನಗರದ ಚಾಂದ್ ಬಾವಡಿಯನ್ನು 1579ರಲ್ಲಿ, ಅಂದರೆ ತನ್ನ ಮರಣಕ್ಕೆ ಒಂದು ವರ್ಷ ಮೊದಲು, ಅಲಿ ಆದಿಲ್ ಶಾಹನು ಪತ್ನಿಯ ಹೆಸರಿನಲ್ಲಿ ಕಟ್ಟಿಸಿದನು. ನಗರದಲ್ಲಿ ಆಕೆಯ ಹೆಸರನ್ನು ಹೊತ್ತಿರುವ ಕಟ್ಟಡ ಇದು. ಜನವಸತಿ ಹೆಚ್ಚಿದಂತೆ ನೀರಿನ ಅವಶ್ಯಕತೆಯನ್ನು ಪೂರೈಸಲು ಇದನ್ನು ನಿರ್ಮಿಸಲಾಗಿದ್ದು, ನಗರದ ಇನ್ನೊಂದು ಪ್ರಸಿದ್ಧ ಬಾವಿಯಾದ ತಾಜ್ ಬಾವಡಿಗೆ ಇದೇ ಮಾದರಿಯಾಯಿತೆಂದು ಅಭಿಪ್ರಾಯಪಡಲಾಗಿದೆ. ರಾಜಕುಮಾರ ಇಸ್ಮಾಯಿಲನು ಬಂಡೆದ್ದ ಬೆಳಗಾವಿಯ ಕೋಟೆ, ಅದರೊಳಗಿನ ಸಫಾ ಮಸೀದಿ ಹಾಗೂ ಹುಕ್ಕೇರಿ ಪಟ್ಟಣದ ಗುಮ್ಮಟಗಳನ್ನು ಈ ಭಾಗದ ಸಾರ್ವಜನಿಕರು ಒಂದೇ ದಿನದಲ್ಲಿ ವೀಕ್ಷಿಸಬಹುದಾಗಿದೆ. 2024ರಲ್ಲಿ ಅಹಿಲ್ಯಾನಗರವೆಂದು ಹೆಸರು ಬದಲಾದ ಅಹಮದ್‌ನಗರದ ಸಮೀಪದ ಬೆಟ್ಟದ ಮೇಲೆ ಚಾಂದ್ ಬೀಬಿ ಮಹಲ್ ಎಂದು ಜನರು ಕರೆಯುವ ಕಟ್ಟಡವೊಂದಿದೆ. ಅದು ವಾಸ್ತವವಾಗಿ ನಿಜಾಮ್‌ಶಾಹಿಯ ಮಂತ್ರಿ ಸಲಾಬತ್ ಖಾನನ ಸಮಾಧಿಯಾಗಿದ್ದು, ಚಾಂದ್ ಬೀಬಿಗೂ ಅದಕ್ಕೂ ಸಂಬಂಧವಿಲ್ಲ.